20 ಸುತ್ತಿಗೆ 407 ಗ್ರಾಂ: ಕೃಷಿ ಯಂತ್ರ ತಂತ್ರಜ್ಞರ ಕೆಲಸ

ಹಿಂಗಾರಿನ ಕಡಲೆ ಬಿತ್ತನೆಗೆ ಎರಡು ದಿನ ಇದೆ ಎನ್ನಿ. ಗದಗದ ಕಡೆಯ ಎರೆಹೊಲ, ಬದುವಿನ ಮೇಲೆ ಟ್ರ್ಯಾಕ್ಟರ್, ಅದರ ಹಿಂದೆ 7 ತಾಳಿನ ಕೂರಿಗೆ. ಬಿತ್ತಲು ಹೊರಟವರು ಬೀಜ ಸುರಿದು ಹೊರಟೇಬಿಡುತ್ತಾರೆ. ತಂತ್ರಜ್ಞ ಬಂದರೆ ಮಾತ್ರ ಕೂರಿಗೆಯ ಚಕ್ರದ ಕಡೆಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸುತ್ತಾನೆ. ಒಂದೊಂದು ಕೊಳವೆಯ ಬಾಯಿಗೂ ಪ್ಲಾಸ್ಟಿಕ್ ಚೀಲ ಕಟ್ಟುತ್ತಾನೆ. ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಕೈಯಲ್ಲೇ 20 ಸುತ್ತು ತಿರುಗಿಸುತ್ತಾನೆ. ಸುತ್ತ ನಿಂತವರಿಗೆ ಇದು ಆಟದಂತೆ ಕಾಣುತ್ತದೆ.

ಲೆಕ್ಕ ಹೀಗಿದೆ. ಚಕ್ರದ ವ್ಯಾಸ 50 ಸೆಂಟಿಮೀಟರ್ ಇದ್ದರೆ ಸುತ್ತಳತೆ 1.57 ಮೀಟರ್. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, 7 ತಾಳು, ಅಂದರೆ ಕೂರಿಗೆಯ ಅಗಲ 2.1 ಮೀಟರ್. ಚಕ್ರ ಒಂದು ಸುತ್ತು ಉರುಳಿದರೆ 3.3 ಚದರ ಮೀಟರ್ ನೆಲ ಬಿತ್ತಿದಂತೆ. 20 ಸುತ್ತಿಗೆ ಹತ್ತಿರ ಹತ್ತಿರ 66. ಎಕರೆಗೆ 4,047 ಚದರ ಮೀಟರ್. ಎಕರೆಗೆ 25 ಕಿಲೋ ಕಡಲೆ ಬೀಳಬೇಕೆಂದಿದ್ದರೆ 20 ಸುತ್ತಿಗೆ ಏಳೂ ಚೀಲ ಸೇರಿ 407 ಗ್ರಾಂ ಬರಬೇಕು. ತೂಗಿ ನೋಡಿದಾಗ 520 ಬಂತು ಅಂದರೆ ಎಕರೆಗೆ ಸುಮಾರು 7 ಕಿಲೋ ಬೀಜ ದಂಡ. 300 ಬಂತು ಅಂದರೆ ಪೈರು ತೆಳುವಾಗುತ್ತದೆ, ಕಳೆಗೆ ಜಾಗ ಬಿಟ್ಟುಕೊಟ್ಟಂತೆ. ಲಿವರ್ ಒಂದು ಹಲ್ಲು ಸರಿಸಿ ಮತ್ತೆ 20 ಸುತ್ತು.

ಒಟ್ಟು ತೂಕ ಸರಿಬಂದರೆ ಮುಗಿಯಲಿಲ್ಲ. ಏಳು ಚೀಲಗಳನ್ನೂ ಬೇರೆಬೇರೆ ತೂಗಬೇಕು. ಒಂದರಲ್ಲಿ 75 ಗ್ರಾಂ, ಪಕ್ಕದ್ದರಲ್ಲಿ 40 ಇದ್ದರೆ ಒಳಗಿನ ಬೀಜದ ಗಾಲಿ ಸವೆದಿದೆ, ಇಲ್ಲವೇ ಬಾಗಿಲು ಓರೆಯಾಗಿದೆ. ಇಷ್ಟೆಲ್ಲ ಆದ ಮೇಲೂ ಹೊಲದಲ್ಲಿ ಒಮ್ಮೆ ನೋಡಲೇಬೇಕು. ಸಡಿಲ ಮಣ್ಣಿನಲ್ಲಿ ಕೂರಿಗೆಯ ಚಕ್ರ ಪೂರ್ತಿ ಉರುಳದೆ ಸ್ವಲ್ಪ ಜಾರುತ್ತದೆ, ಜಾರಿದಷ್ಟೂ ಬೀಜ ಕಡಿಮೆ. ಹಸಿ ಎರೆ ತಾಳಿನ ಬಾಯಿಗೆ ಮೆತ್ತಿಕೊಂಡರೆ ಇನ್ನೂ ಕೆಟ್ಟದ್ದು: ಆ ಸಾಲು ಖಾಲಿ ಹೋದದ್ದು ಗೊತ್ತಾಗುವುದು ಮೊಳಕೆ ಬಂದ ಮೇಲೆ. ಎತ್ತಿನ ಕೂರಿಗೆಯ ಕಾಲದಲ್ಲಿ ಬಟ್ಟಲಿಗೆ ಬೀಜ ಬಿಡುತ್ತ ಹಿಂದೆ ನಡೆಯುತ್ತಿದ್ದ ಹೆಂಗಸಿಗೆ ಕೊಳವೆ ಕಟ್ಟಿದರೆ ಕೂಡಲೇ ತಿಳಿಯುತ್ತಿತ್ತು. ಬೀಜದ ಅಳತೆ ಅವಳ ಬೆರಳಲ್ಲಿತ್ತು. ಯಂತ್ರಕ್ಕೆ ಆ ಬೆರಳಿಲ್ಲವಾದ್ದರಿಂದ ತೂಕದ ಚೀಲ ಬೇಕಾಯಿತು.

ಮೆಕ್ಯಾನಿಕ್‌ಗೂ ಕೃಷಿ ಯಂತ್ರ ತಂತ್ರಜ್ಞನಿಗೂ ಇರುವ ವ್ಯತ್ಯಾಸ ನನಗೆ ಕಾಣುವುದು ಇಲ್ಲೇ. ನಿಂತ ಯಂತ್ರ ಓಡಿದರೆ ಮೆಕ್ಯಾನಿಕ್‌ನ ಕೆಲಸ ಆಯಿತು. ಓಡುವ ಯಂತ್ರ ನೆಲಕ್ಕೆ, ಬೆಳೆಗೆ ಎಷ್ಟು ಮುಟ್ಟಿಸಿತು ಎಂದು ಅಳೆದು ನೋಡುವುದು ತಂತ್ರಜ್ಞನ ಕೆಲಸ. ಅವನ ಚೀಲದಲ್ಲಿ ಸ್ಪ್ಯಾನರ್ ಸೆಟ್ ಇದ್ದೇ ಇರುತ್ತದೆ. ಜೊತೆಗೆ ಟೇಪು, ಅಳತೆ ಜಾಡಿ, ಸಣ್ಣ ತಕ್ಕಡಿ, ಒತ್ತಡದ ಗೇಜು, ಕಾಳಿನ ತೇವ ನೋಡುವ ಮೀಟರು ಇರಬೇಕು.

ಹಾಗೆಂದು ಗ್ರೀಸಿನ ಕೆಲಸದಿಂದ ತಪ್ಪಿಸಿಕೊಳ್ಳುವಂತಿಲ್ಲ. ದಿನದ ಅರ್ಧ ಕರೆಗಳು ಟ್ರ್ಯಾಕ್ಟರ್ ಸ್ಟಾರ್ಟ್ ಆಗುತ್ತಿಲ್ಲ ಎಂಬಂಥವೇ. ಡೀಸೆಲ್ ಪೂರ್ತಿ ಖಾಲಿಯಾಗುವವರೆಗೆ ಓಡಿಸಿ, ಆಮೇಲೆ ಟ್ಯಾಂಕ್ ತುಂಬಿಸಿದರೂ ಎಂಜಿನ್ ಏಳುವುದಿಲ್ಲ. ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತ ಹೋದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಆಗ ಬಿಗಿ ಮಾಡಿದರೆ ಸರಿ. ಇದನ್ನು ರೈತರಿಗೆ ಫೋನಿನಲ್ಲೇ ಹೇಳಿಕೊಟ್ಟು ಒಂದು ಕರೆ ಕಳೆದುಕೊಳ್ಳುವ ತಂತ್ರಜ್ಞರಿದ್ದಾರೆ. ಮುಂದಿನ ದೊಡ್ಡ ಕೆಲಸ ಅವರಿಗೇ ಬರುತ್ತದೆ.

ಹೊಗೆಯೂ ಮಾತಾಡುತ್ತದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ, ಮೊದಲು ಏರ್ ಕ್ಲೀನರ್ ಬಿಚ್ಚಬೇಕು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗೋ ವಾಲ್ವೋ ಸವೆದಿರಬೇಕು. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಒಳಗೆ ನೀರು ಸೇರಿದೆ, ಅಲ್ಲಿಗೇ ಎಂಜಿನ್ ನಿಲ್ಲಿಸಬೇಕು. ಬೇಸಿಗೆ ರೋಟಾವೇಟರ್ ಕೆಲಸದ ಧೂಳಿನಲ್ಲಿ ಆಯಿಲ್ ಬಾತ್ ಏರ್ ಕ್ಲೀನರನ್ನು ದಿನಾ ನೋಡಬೇಕೆಂದು ಪುಸ್ತಕದಲ್ಲಿ ಬರೆದಿದೆ. ಆ ಪುಸ್ತಕ ಬಹುತೇಕ ಮನೆಗಳಲ್ಲಿ ಟ್ರ್ಯಾಕ್ಟರ್ ಪೂಜೆಯ ದಿನ ದೇವರ ಗೂಡು ಸೇರಿದ್ದು ಮತ್ತೆ ಹೊರಗೆ ಬಂದಿರುವುದಿಲ್ಲ.

ಗಾಲಿ ಜಾರುವಿಕೆಯ ಪರೀಕ್ಷೆ ಹೆಚ್ಚು ಜನ ಮಾಡದ, ಆದರೆ ತೀರ ಸುಲಭದ ಕೆಲಸ. ಹಿಂಗಾಲಿಗೆ ಒಂದು ಗುರುತು ಹಾಕಿ. ನೇಗಿಲು ಎತ್ತಿಕೊಂಡು ಅದೇ ಹೊಲದಲ್ಲಿ 10 ಸುತ್ತು ಹೋದಾಗ 40 ಮೀಟರ್ ದಾಟಿತು, ನೇಗಿಲು ಇಳಿಸಿ 10 ಸುತ್ತಿಗೆ 32 ಮೀಟರ್ ಮಾತ್ರ ಎಂದುಕೊಳ್ಳಿ. 8 ಮೀಟರ್ ಜಾರಿತು, ಅಂದರೆ ನೂರಕ್ಕೆ 20. ಒಣ ಹೊಲದಲ್ಲಿ 10ರಿಂದ 15ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಾದರೆ ಡೀಸೆಲ್ ಸುಟ್ಟು ಟೈರ್ ತೇಯುತ್ತಿದ್ದೀರಿ ಎಂದರ್ಥ. ಟೈರಿಗೆ ಮುಕ್ಕಾಲು ಪಾಲು ನೀರು ತುಂಬಿಸುವುದು, ಗಾಳಿಯ ಒತ್ತಡ ಸರಿಮಾಡುವುದು, ನೇಗಿಲಿನ ಆಳ ಒಂದಿಷ್ಟು ತಗ್ಗಿಸುವುದು ಪರಿಹಾರ. ಹೊಸ ಟೈರ್ ಕೊಳ್ಳುವ ಮೊದಲು ಈ ಹತ್ತು ನಿಮಿಷ ಕೊಟ್ಟರೆ ಬಹಳಷ್ಟು ಉಳಿಯುತ್ತದೆ.

ಔಷಧಿ ಸಿಂಪಡಣೆಯಲ್ಲಿ ಅಳತೆ ತಪ್ಪುವುದು ಸಾಮಾನ್ಯ, ಏಕೆಂದರೆ ಅಲ್ಲಿ ನಡೆಯುವುದು ಮುಚ್ಚಳದ ಲೆಕ್ಕ: ಟ್ಯಾಂಕಿಗೆ ಎರಡು ಮುಚ್ಚಳ, ಹುಳ ಜಾಸ್ತಿ ಇದ್ದರೆ ಮೂರು. ತಂತ್ರಜ್ಞ ಹೊಲದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕಕ್ಕೆ ಹಗ್ಗ ಎಳೆದು, ಬರೀ ನೀರು ತುಂಬಿದ ಸ್ಪ್ರೇಯರನ್ನು ದಿನಾ ಹೊಡೆಯುವವರ ಬೆನ್ನಿಗೇ ಕೊಟ್ಟು, ಅವರ ನಡಿಗೆಯಲ್ಲೇ ಹೊಡೆಯಲು ಹೇಳುತ್ತಾನೆ. ಆಮೇಲೆ ಟ್ಯಾಂಕ್ ಮೊದಲಿನ ಮಟ್ಟಕ್ಕೆ ಬರಲು ಎಷ್ಟು ನೀರು ಹಿಡಿಯಿತೆಂದು ಜಾಡಿಯಲ್ಲಿ ಅಳೆಯುತ್ತಾನೆ. ಎರಡೂವರೆ ಲೀಟರ್ ಹಿಡಿದರೆ ಎಕರೆಗೆ ಸುಮಾರು 100 ಲೀಟರ್. 16 ಲೀಟರಿನ ಟ್ಯಾಂಕ್ ಆರು ಸಲ ಖಾಲಿಯಾಗಿ ಏಳನೆಯದಕ್ಕೆ ಸ್ವಲ್ಪ ಬೇಕು. ಎಕರೆಗೆ 200 ಮಿಲಿಲೀಟರ್ ಔಷಧಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಟ್ಯಾಂಕಿಗೆ 32 ಮಿಲಿಲೀಟರ್. ಪಕ್ಕದ ಹೊಲದವನ ನಡಿಗೆ ಬೇರೆ, ನಾಜಲ್ ಬೇರೆ, ಅವನ ಲೆಕ್ಕವೂ ಬೇರೆ. ಡ್ರೋನ್ ಬಂದ ಮೇಲೆ ಇದು ಮುಗಿಯಿತೆಂದು ಭಾವಿಸುವವರಿದ್ದಾರೆ. ಹಾರಿಸಲು 2021ರ ಡ್ರೋನ್ ನಿಯಮಗಳ ಪ್ರಕಾರ ಪೈಲಟ್ ಪ್ರಮಾಣಪತ್ರ ಬೇಕಾಯಿತು ಅಷ್ಟೇ. ಹನಿ ಎಲೆಗೆ ಬಿತ್ತೋ ಗಾಳಿಗೆ ಹೋಯಿತೋ ಎಂದು ನೆಲದ ಮೇಲೆ ಕಾಗದ ಇಟ್ಟು ನೋಡುವ ಕೆಲಸ ಹಾಗೇ ಉಳಿದಿದೆ.

ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ತೋಟವಿರಲಿ, ವಿಜಯಪುರದ ದ್ರಾಕ್ಷಿ ಪಡವಿರಲಿ, ಅಲ್ಲಿ ತಂತ್ರಜ್ಞ ಎಂದರೆ ಡ್ರಿಪ್‌ನವನು. ಕೊನೆಯ ಸಾಲಿಗೆ ನೀರು ಬರುತ್ತಿಲ್ಲ ಎಂಬುದೇ ಅವನಿಗೆ ಬರುವ ದೂರು. ಅವನ ಹತ್ತಿರ ಒಂದು ಸೊಗಸಾದ ಉಪಾಯವಿದೆ. ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಸರಿಯಾಗಿ 36 ಸೆಕೆಂಡ್ ನೀರು ಹಿಡಿಯುತ್ತಾನೆ. ಗಂಟೆಗೆ 3,600 ಸೆಕೆಂಡ್ ಇರುವುದರಿಂದ 36 ಸೆಕೆಂಡ್ ಅಂದರೆ ಗಂಟೆಯ ನೂರನೇ ಒಂದು ಭಾಗ. ಲೋಟದಲ್ಲಿ 40 ಮಿಲಿಲೀಟರ್ ಇದ್ದರೆ ಗಂಟೆಗೆ 4 ಲೀಟರ್. 27 ಇದ್ದರೆ 2.7 ಲೀಟರ್. ಕ್ಯಾಲ್ಕುಲೇಟರ್ ಬೇಡ.

ಮೊದಲ ಸಾಲು, ಕೊನೆಯ ಸಾಲು, ನಡುವೆ ಎರಡು. ಪ್ರತಿ ಸಾಲಿನಲ್ಲಿ ತುದಿ, ಬುಡ ಸೇರಿ ನಾಲ್ಕು ಕಡೆ. ಹೀಗೆ 16 ಲೋಟ. ಎಲ್ಲಕ್ಕಿಂತ ಕಡಿಮೆ ಬಂದ ನಾಲ್ಕರ ಸರಾಸರಿಯನ್ನು ಹದಿನಾರರ ಸರಾಸರಿಯಿಂದ ಭಾಗಿಸಿದರೆ ತೋಟಕ್ಕೆ ನೀರು ಎಷ್ಟು ಸಮವಾಗಿ ಹಂಚಿಕೆಯಾಗಿದೆ ಎಂಬುದು ಸಿಗುತ್ತದೆ. ನೂರಕ್ಕೆ 90 ದಾಟಿದರೆ ಬಹಳ ಚೆನ್ನಾಗಿದೆ. 70ಕ್ಕಿಂತ ಕೆಳಗಿದ್ದರೆ ಆ ತೋಟದಲ್ಲಿ ರಸಗೊಬ್ಬರವನ್ನು ಡ್ರಿಪ್ ಮೂಲಕ ಬಿಡಲೇಬಾರದು. ಒಂದು ಗಿಡಕ್ಕೆ ಹಬ್ಬ, ಇನ್ನೊಂದಕ್ಕೆ ಏಕಾದಶಿ.

ಕಾರಣ ಹುಡುಕುವುದು ಆಮೇಲಿನ ಕೆಲಸ. ಫಿಲ್ಟರಿನ ಮುಂದೆ, ಹಿಂದೆ ಎರಡು ಗೇಜು ಇರುತ್ತವೆ, ಅಥವಾ ಇರಬೇಕು. ಎರಡರ ನಡುವೆ ಅಂತರ ಬೆಳೆದಿದ್ದರೆ ಫಿಲ್ಟರ್ ಕಟ್ಟಿದೆ. ಗೇಜು ಸರಿಯಿದ್ದೂ ತುದಿಯಲ್ಲಿ ನೀರಿಲ್ಲವೆಂದರೆ ಜಮೀನಿನ ಏರಿಳಿತ ನೋಡಬೇಕು: ನೀರು 10 ಮೀಟರ್ ಏರಿದರೆ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಹೋಗುತ್ತದೆ, ಸಾಮಾನ್ಯ ಡ್ರಿಪ್ಪರ್ ಕೆಲಸ ಮಾಡುವುದೇ ಹೆಚ್ಚುಕಡಿಮೆ ಆ 1 ಕಿಲೋ ಒತ್ತಡದಲ್ಲಿ. ಇವೆರಡೂ ಅಲ್ಲವೆಂದರೆ ಡ್ರಿಪ್ಪರ್ ಬಾಯಿಯಲ್ಲಿ ಬಿಳಿ ಹೊಪ್ಪಳೆ ಕಾಣುತ್ತದೆ, ಕೊಳವೆಬಾವಿಯ ಗಡಸು ನೀರಿನ ಸುಣ್ಣ. ಅದಕ್ಕೆ ಆ್ಯಸಿಡ್ ಬಿಟ್ಟು ತೊಳೆಯಬೇಕು. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಆ್ಯಸಿಡ್. ಈ ಕ್ರಮ ಉಲ್ಟಾ ಆದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ತೊಳೆದ ಮೇಲೆ ಲ್ಯಾಟರಲ್ ತುದಿಗಳನ್ನು ಬಿಚ್ಚಿ ತಿಳಿನೀರು ಬರುವವರೆಗೆ ಹರಿಯಬಿಡಬೇಕು.

ಅದೇ ಕೊಳವೆಬಾವಿಯ ಮೂರು ಫೇಸಿನ ಮೋಟರು ಬಿಚ್ಚಿ ಕಟ್ಟಿದ ಮೇಲೆ ನೀರು ಅರ್ಧಕ್ಕಿಳಿದರೆ ಪಂಪ್ ಹಾಳಾಯಿತೆಂದು ಮತ್ತೆ ಮೇಲೆತ್ತಿಸುವವರಿದ್ದಾರೆ. ಬಹಳ ಸಲ ಎರಡು ತಂತಿ ಅದಲುಬದಲಾಗಿ ಮೋಟರು ಹಿಂದುಮುಂದಾಗಿ ತಿರುಗುತ್ತಿರುತ್ತದೆ. ಮೇನ್ ಆಫ್ ಮಾಡಿ ಸ್ಟಾರ್ಟರ್‌ನಲ್ಲಿ ಯಾವುದಾದರೂ ಎರಡು ಫೇಸ್ ಬದಲಾಯಿಸಿದರೆ ಆಯಿತು.

ಇನ್ನು ಸಿಂಧನೂರು, ಗಂಗಾವತಿ, ಕಾರಟಗಿಯ ಭತ್ತದ ಸೀಮೆ. ತುಂಗಭದ್ರಾ ಕಾಲುವೆಯ ಈ ನಾಡಿನಲ್ಲಿ ಕಟಾವು ಬಂತೆಂದರೆ ತಂತ್ರಜ್ಞರಿಗೆ ರಾತ್ರಿಯಿಲ್ಲ. ಹಾರ್ವೆಸ್ಟರ್‌ಗೆ ಗಂಟೆಯ ಲೆಕ್ಕದ ಬಾಡಿಗೆ; ಚಾಲಕ ಓಡಿಸಿದಷ್ಟೂ ಮಾಲೀಕನಿಗೆ ಲಾಭ, ಓಡಿಸಿದ ವೇಗಕ್ಕೆ ತಕ್ಕಂತೆ ಕಾಳು ನೆಲಕ್ಕೆ. ಎಷ್ಟು ಉದುರಿತೆಂದು ಹೇಳಲು ಒಂದು ಮೀಟರ್ ಚೌಕದ ಹಗ್ಗ ಸಾಕು. ಯಂತ್ರ ಹೋದ ಹಾದಿಯಲ್ಲಿ ಅದನ್ನು ಹಾಸಿ, ಹುಲ್ಲು ಸರಿಸಿ ಒಳಗಿನ ಕಾಳು ಎಣಿಸುವುದು. ಸೋನಾ ಮಸೂರಿಯಂಥ ಸಣ್ಣ ಭತ್ತದ ಸಾವಿರ ಕಾಳಿಗೆ ಸುಮಾರು 15 ಗ್ರಾಂ. ಚೌಕದಲ್ಲಿ 200 ಕಾಳು ಸಿಕ್ಕರೆ 3 ಗ್ರಾಂ, ಅಂದರೆ ಎಕರೆಗೆ 12 ಕಿಲೋ. ಇದು ಸಹಿಸಬಹುದಾದ ಲೆಕ್ಕ. 800 ಕಾಳು ಸಿಕ್ಕರೆ ಯಂತ್ರ ನಿಲ್ಲಿಸಿ ಜಗಳವಾಡಬಹುದು.

ಉದುರಿದ ಜಾಗವೇ ರೋಗ ಹೇಳುತ್ತದೆ. ಯಂತ್ರದ ಮುಂದೆ, ಕೊಯ್ಯದ ಪೈರಿನ ಬುಡದಲ್ಲೇ ಕಾಳಿದ್ದರೆ ಅದು ಯಂತ್ರದ ತಪ್ಪಲ್ಲ, ಬೆಳೆ ಮೀರಿ ಒಣಗಿದೆ. ಕತ್ತರಿ ಪಟ್ಟಿ ದಾಟಿದ ಕೂಡಲೇ ಬಿದ್ದಿದ್ದರೆ ರೀಲು ಜೋರಾಗಿ ಬಡಿಯುತ್ತಿದೆ. ಹಿಂದೆ ಬಿದ್ದ ಹುಲ್ಲಿನ ತೆನೆಯಲ್ಲೇ ಕಾಳು ಅಂಟಿಕೊಂಡಿದ್ದರೆ ಡ್ರಮ್ಮಿನ ವೇಗ ಸಾಲದು ಅಥವಾ ಜಾಲರಿಯ ಅಂತರ ಹೆಚ್ಚಾಗಿದೆ. ಬಿಡಿ ಕಾಳು ಹುಲ್ಲಿನ ಜೊತೆ ಹಾರಿಹೋಗಿದ್ದರೆ ಫ್ಯಾನಿನ ಗಾಳಿ ಜೋರು, ಇಲ್ಲವೇ ಯಂತ್ರ ತಡೆಯಲಾರದಷ್ಟು ವೇಗದಲ್ಲಿ ಪೈರು ತಿನ್ನಿಸುತ್ತಿದ್ದಾರೆ. ಟ್ಯಾಂಕಿನಲ್ಲಿ ಒಡೆದ ಅಕ್ಕಿ ಕಂಡರೆ ಡ್ರಮ್ಮಿನ ವೇಗ ಇಳಿಸಬೇಕು. ಒಂದು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ, ಅದಕ್ಕೇ ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತೆ ಹಗ್ಗ, ಮತ್ತೆ ಎಣಿಕೆ. ಬೆಳಗಿನ ಮಂಜಿಗೆ ಹೊಂದಿಸಿದ್ದು ಮಧ್ಯಾಹ್ನದ ಬಿಸಿಲಿಗೆ ಹೊಂದುವುದೂ ಇಲ್ಲ.

ಈಗ ಹೇಳುವುದನ್ನು ಹಗುರವಾಗಿ ಓದಬೇಡಿ. ಟ್ರ್ಯಾಕ್ಟರ್ ಹಿಂದೆ ರಾಶಿ ಮಷಿನ್ನಿಗೋ ರೋಟಾವೇಟರಿಗೋ ಶಕ್ತಿ ಕೊಡುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಸೆಕೆಂಡಿಗೆ 9. ಶಾಫ್ಟ್ 7 ಸೆಂಟಿಮೀಟರ್ ದಪ್ಪವಿದ್ದರೆ ಸುತ್ತಳತೆ 22 ಸೆಂಟಿಮೀಟರ್. ಒಂದು ಸೆಕೆಂಡಿನಲ್ಲಿ ಅದು ಸುತ್ತಿಕೊಳ್ಳುವ ಬಟ್ಟೆ ಸುಮಾರು 2 ಮೀಟರ್. ಹೆಗಲ ಮೇಲಿನ ಟವೆಲ್ ಅಷ್ಟು ಉದ್ದವೂ ಇರುವುದಿಲ್ಲ. ಕೈ ಎಳೆದುಕೊಳ್ಳೋಣ ಎಂದು ಮನಸ್ಸು ಯೋಚಿಸುವಷ್ಟರಲ್ಲಿ ಮುಗಿದಿರುತ್ತದೆ. ಸೀರೆಯ ಸೆರಗು, ಪಂಚೆ, ಬಿಚ್ಚಿದ ಜಡೆ ಎಲ್ಲಕ್ಕೂ ಇದೇ ಲೆಕ್ಕ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಾಗ ಅದನ್ನು ಕಿತ್ತೆಸೆದು ಕೆಲಸ ಮುಂದುವರಿಸುವುದು ನಮ್ಮಲ್ಲಿ ರೂಢಿ. ತಂತ್ರಜ್ಞ ಒಂದು ಯಂತ್ರ ನೋಡಲು ಬಂದಾಗ ಕೇಳದಿದ್ದರೂ ಕವಚ ಹಾಕಿಸಬೇಕು. ಒಪ್ಪದಿದ್ದರೆ ಯಂತ್ರ ಮುಟ್ಟದೆ ಹೋಗಬೇಕು ಎಂಬುದು ನನ್ನ ನಿಲುವು.

ರಾಶಿ ಮಷಿನ್ನಿಗೆ ಕೈ ಕೊಟ್ಟವರು ಎಷ್ಟೋ ಊರುಗಳಲ್ಲಿದ್ದಾರೆ. ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆಂದೇ 1983ರಲ್ಲಿ ಕೇಂದ್ರ ಕಾಯ್ದೆ ಬಂದಿದೆ. ಪೈರು ತುರುಕುವ ತಟ್ಟೆ ಕನಿಷ್ಠ 90 ಸೆಂಟಿಮೀಟರ್ ಉದ್ದವಿರಬೇಕು, ಅದರಲ್ಲಿ ಡ್ರಮ್ ಕಡೆಯ 45 ಸೆಂಟಿಮೀಟರ್ ಮೇಲೆ ಮುಚ್ಚಿರಬೇಕು ಎಂಬುದು ಭಾರತೀಯ ಮಾನಕ. ಮೊಣಕೈ ತನಕ ಕೈ ಚಾಚಿದರೂ ಹಲ್ಲಿಗೆ ಸಿಗಬಾರದೆಂಬ ಲೆಕ್ಕ ಅದರ ಹಿಂದಿದೆ. ಬೇಗ ಮುಗಿಯಲೆಂದು ತಟ್ಟೆಯನ್ನು ಕತ್ತರಿಸಿ ಗಿಡ್ಡ ಮಾಡಿಸಿಕೊಂಡವರೂ ಇದ್ದಾರೆ. ಟೇಪು ಹಿಡಿದು ನೋಡಲು ಒಂದು ನಿಮಿಷವೂ ಬೇಡ.

ಯಂತ್ರದ ಹೊರಗಿನ ಅಳತೆಯೂ ಈ ಕೆಲಸಕ್ಕೆ ಸೇರಿದ್ದು. ಕೃಷಿ ಹೊಂಡ ತೆಗೆಸುವಾಗ ಮೇಲೆ 12 ಮೀಟರ್ ಚೌಕ, 3 ಮೀಟರ್ ಆಳ, ಇಳಿಜಾರು ಒಂದಕ್ಕೆ ಒಂದು ಎಂದರೆ ತಳ 6 ಮೀಟರ್ ಚೌಕ. ಮೇಲಿನ 144, ತಳದ 36 ಚದರ ಮೀಟರ್ ಕೂಡಿಸಿ ಅರ್ಧ ಮಾಡಿ ಆಳದಿಂದ ಗುಣಿಸಿದರೆ 270 ಘನ ಮೀಟರ್ ಬರುತ್ತದೆ, ಅದು ತಪ್ಪು. ನಡುಮಟ್ಟದ 9 ಮೀಟರ್ ಚೌಕದ 81ನ್ನು ನಾಲ್ಕು ಪಟ್ಟು ಮಾಡಿ ಉಳಿದೆರಡಕ್ಕೆ ಸೇರಿಸಿ, ಆರರಿಂದ ಭಾಗಿಸಿ 3ರಿಂದ ಗುಣಿಸಿದರೆ 252. ವ್ಯತ್ಯಾಸ 18,000 ಲೀಟರ್. ಮಣ್ಣೆತ್ತಿದ ಬಿಲ್ಲಿನಲ್ಲೂ ಅಷ್ಟೇ ವ್ಯತ್ಯಾಸ, ಜೆಸಿಬಿಯವನಿಗೆ ಮೊದಲನೇ ಲೆಕ್ಕವೇ ಇಷ್ಟ. ಎರೆಮಣ್ಣಿನಲ್ಲಿ ಇಳಿಜಾರು ಇನ್ನೂ ಚಪ್ಪಟೆ ಇರಬೇಕು, ಇಲ್ಲವಾದರೆ ಮೊದಲ ಮಳೆಗೇ ಬದಿ ಕುಸಿಯುತ್ತದೆ.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಯಂತ್ರಗಳು ಚಿಕ್ಕವು: ಕಳೆ ಕತ್ತರಿಸುವುದು, ಸಿಪ್ಪೆ ಸುಲಿಯುವುದು, ಉದ್ದದ ದೋಟಿಯಲ್ಲಿ ಔಷಧಿ ಹೊಡೆಯುವುದು. ಅಲ್ಲಿ ಎಂಜಿನ್ ಕಚ್ಚಿಕೊಳ್ಳುವುದು ಹೆಚ್ಚಾಗಿ ಟೂ ಸ್ಟ್ರೋಕ್ ಪೆಟ್ರೋಲಿಗೆ ಆಯಿಲ್ ಬೆರೆಸಲು ಮರೆತದ್ದರಿಂದ. ಒಂದಕ್ಕೆ ಐವತ್ತು ಎಂದು ಕಂಪನಿ ಹೇಳಿದ್ದರೆ ಲೀಟರಿಗೆ 20 ಮಿಲಿಲೀಟರ್. ಕ್ಯಾನಿನ ಮೇಲೆ ಅದನ್ನು ಬರೆದಿಟ್ಟರೆ ಮುಗಿಯಿತು.

ಕಲಿಯಲು ದಾರಿಗಳು ಹಲವು. ಐಟಿಐಯಲ್ಲಿ ಒಂದು ವರ್ಷದ ಟ್ರ್ಯಾಕ್ಟರ್ ಮೆಕ್ಯಾನಿಕ್, ಎರಡು ವರ್ಷದ ಕೃಷಿ ಯಂತ್ರೋಪಕರಣ ಮೆಕ್ಯಾನಿಕ್ ಕೋರ್ಸುಗಳಿವೆ. ಪದವಿಯೇ ಬೇಕೆಂದರೆ ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜು 1987ರಿಂದ ಇದೆ. ಬಳ್ಳಾರಿಯ ಗಡಿ ದಾಟಿದರೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ. ಹೊಸ ಯಂತ್ರಗಳನ್ನು ಓಡಿಸಿ, ಡೀಸೆಲ್ ಅಳೆದು, ಸವೆತ ನೋಡಿ ವರದಿ ಕೊಡುವ ಜಾಗವಾದ್ದರಿಂದ ಅಳತೆಯ ಶಿಸ್ತು ಕಣ್ಣಾರೆ ನೋಡಲು ಅದಕ್ಕಿಂತ ಒಳ್ಳೆಯ ಕಡೆ ಹತ್ತಿರದಲ್ಲಿಲ್ಲ. ಕೆಲಸ ಸಿಗುವುದು ಟ್ರ್ಯಾಕ್ಟರ್ ಶೋರೂಂಗಳ ಸರ್ವಿಸ್ ವಿಭಾಗದಲ್ಲಿ, ಡ್ರಿಪ್ ಕಂಪನಿಗಳಲ್ಲಿ, ಹೋಬಳಿಗಳ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ, ಕೃಷಿ ವಿಶ್ವವಿದ್ಯಾಲಯಗಳ ವರ್ಕ್‌ಶಾಪ್‌ಗಳಲ್ಲಿ. ನಾಲ್ಕೈದು ವರ್ಷ ಅಲ್ಲಿ ದುಡಿದು ಊರಲ್ಲಿ ಸ್ವಂತ ಶೆಡ್ ಹಾಕುವವರೇ ಹೆಚ್ಚು.

ಸ್ವಂತ ಶೆಡ್ ಹಾಕಿದವರಿಗೆ ಒಂದು ಕಷ್ಟ ಎದುರಾಗುತ್ತದೆ. ಬೇರಿಂಗ್ ಬದಲಿಸಿದರೆ ರೈತ ದುಡ್ಡು ಕೊಡುತ್ತಾನೆ, ಹಳೇ ಬೇರಿಂಗ್ ಕೈಯಲ್ಲಿ ಹಿಡಿದು ನೋಡುತ್ತಾನೆ. ಕೂರಿಗೆ ಎತ್ತಿ 20 ಸುತ್ತು ತಿರುಗಿಸಿ ಲಿವರ್ ಒಂದು ಹಲ್ಲು ಸರಿಸಿದ್ದಕ್ಕೆ ಎಷ್ಟು ಕೇಳುವುದು? ಬಿಲ್ಲಿನಲ್ಲಿ ಏನೆಂದು ಬರೆಯುವುದು? ಬುದ್ಧಿವಂತರು ಇದನ್ನು ಬಿತ್ತನೆಗೆ ಮುಂಚಿನ ಸರ್ವಿಸ್ ಎಂದು ಗ್ರೀಸು, ಚೈನು, ಕೊಳವೆಗಳ ಜೊತೆ ಒಟ್ಟಿಗೆ ಸೇರಿಸಿ ಒಂದೇ ದರ ಹೇಳುತ್ತಾರೆ. ಸುಗ್ಗಿಯಲ್ಲಿ ಹಗಲುರಾತ್ರಿ ಕೆಲಸವಿದ್ದು ಬೇಸಿಗೆಯ ನಡುವೆ ಶೆಡ್ಡಿನಲ್ಲಿ ನೊಣ ಹೊಡೆಯುವ ಈ ಕಸುಬಿಗೆ, ಮುಂಗಾರಿಗೆ ಎರಡು ತಿಂಗಳು ಮೊದಲೇ ಊರೂರಿನ ಕೂರಿಗೆಗಳನ್ನು ಕರೆಸಿಕೊಂಡು ನೋಡುವುದು ಹೊಟ್ಟೆಗೂ ಆಗುತ್ತದೆ, ರೈತನ ಬೀಜಕ್ಕೂ ಆಗುತ್ತದೆ.

ಅಳತೆ ಸರಿಬಂದ ಮೇಲೆ ಕೂರಿಗೆಯ ಬೀಜದ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಬರೆಯಬೇಕು: ಕಡಲೆ, 30 ಸೆಂ.ಮೀ., ಲಿವರ್ 5ನೇ ಹಲ್ಲು, 20 ಸುತ್ತಿಗೆ 407 ಗ್ರಾಂ. ಸೀಮೆಸುಣ್ಣದಲ್ಲಿ ಬರೆದರೆ ಬೀಜದ ಧೂಳಿಗೆ ಅಳಿಸಿಹೋಗುತ್ತದೆ. ಆಯಿಲ್ ಪೇಂಟ್ ಆಗಬೇಕು.